ಅಲ್ಲಾಡಬೇಡಿ

"ಗುರುಗಳೇ, ಫೋಟೊಗೂ ವಿಡಿಯೊಗೂ ಆಗೋ ಹಾಗೆ ಒಂದೇ ಕ್ಯಾಮೆರಾ ತಗೋಬೇಕು. ಎರಡು ನೋಡಿಟ್ಟಿದ್ದೀನಿ. ಯಾವುದು ತಗೊಳ್ಳಲಿ?"

ಹೀಗೆ ಕೇಳಿದವನು ಭರಮೇಶ. ಹೊಸದುರ್ಗದಲ್ಲಿ ಸ್ಟುಡಿಯೊ ಇಟ್ಟುಕೊಂಡಿದ್ದ ಗವಿರಂಗಯ್ಯನವರ ಬಳಿ ಅವನು ಕೆಲಸ ಕಲಿತಿದ್ದ. ಬೆಳಕು ನೋಡುವುದು ಬಂದಿತ್ತು, ಮುಖ ನೋಡುವುದು ಬಂದಿತ್ತು. ಇನ್ನು ಸ್ವಂತಕ್ಕೆ ಕೆಲಸ ಹಿಡಿಯಬಹುದು ಎಂದು ಗುರುಗಳೇ ಹೇಳಿ ಎಷ್ಟೋ ದಿನವಾಗಿತ್ತು. ಬಾಕಿ ಇದ್ದದ್ದು ಕ್ಯಾಮೆರಾ ಒಂದೇ. ಅದು ಬಾಕಿಯಾಗಿಯೇ ಉಳಿದಿತ್ತು.

ಗವಿರಂಗಯ್ಯ ಲೆನ್ಸು ಒರೆಸುತ್ತಾ ಕೂತಿದ್ದರು. ತಲೆ ಎತ್ತದೆ, "ಎರಡಕ್ಕೂ ಏನು ವ್ಯತ್ಯಾಸ?" ಎಂದರು.

ಭರಮೇಶನಿಗೆ ಅಷ್ಟೇ ಬೇಕಿತ್ತು. ಎರಡೂ ಹೊಸ ಬಗೆಯ ಮಿರರ್‌ಲೆಸ್ ಕ್ಯಾಮೆರಾಗಳು. ಒಂದರಲ್ಲಿ ಫೋಟೊ ಬಹಳ ಚೆನ್ನ. ಗೋಡೆಯಷ್ಟು ದೊಡ್ಡದು ಮಾಡಿದರೂ ಹುಬ್ಬಿನ ಕೂದಲು ಎಣಿಸಬಹುದು. ಆದರೆ ವಿಡಿಯೊ ಹೆಚ್ಚು ಹೊತ್ತು ಓಡಿಸಿದರೆ ಮೈ ಬಿಸಿಯಾಗಿ ತಾನೇ ನಿಂತುಬಿಡುತ್ತದೆ. ಇನ್ನೊಂದರಲ್ಲಿ ವಿಡಿಯೊ ಚೆನ್ನ. ಹಿಡಿದವನ ಕೈ ನಡುಗಿದರೂ ಚಿತ್ರ ನಡುಗುವುದಿಲ್ಲ. ಆದರೆ ಫೋಟೊ ಅಷ್ಟು ದೊಡ್ಡದಾಗುವುದಿಲ್ಲ. ಒಂದರ ಪರದೆ ಪಕ್ಕಕ್ಕೆ ತೆರೆದುಕೊಳ್ಳುತ್ತದೆ, ಇನ್ನೊಂದರದು ಮೇಲಕ್ಕಷ್ಟೇ ಏಳುತ್ತದೆ. ಒಂದಕ್ಕೆ ಎರಡು ಕಾರ್ಡು ಹಾಕಬಹುದು, ಇನ್ನೊಂದರ ಬ್ಯಾಟರಿ ಸಂಜೆಯವರೆಗೂ ಬರುತ್ತದೆ. ಅವನು ಹೇಳುತ್ತಲೇ ಹೋದ. ಅಷ್ಟರಲ್ಲಿ ಗುರುಗಳು ಲೆನ್ಸು ಒರೆಸಿ ಮುಗಿಸಿ, ಪೆಟ್ಟಿಗೆಯಲ್ಲಿ ಇಟ್ಟು, ಪೆಟ್ಟಿಗೆ ಮುಚ್ಚಿ, ಕನ್ನಡಕವನ್ನೂ ಒರೆಸಿಕೊಂಡರು.

"ಹೆಣ್ಣು ನೋಡೋಕೆ ಹೋದವರೂ ಇಷ್ಟು ಸತಾಯಿಸಲ್ಲ ಕಣಯ್ಯ" ಎಂದರು. "ನಾಮಕರಣದವರು ಬಂದರು, ಕ್ಯಾಮೆರಾ ಇಲ್ಲ ಅಂತ ನೀನು ವಾಪಸು ಕಳಿಸಿದೆ. ಮೊನ್ನೆ ಕುಸ್ತಿಯವರು ಬಂದರು, ಅವರನ್ನೂ ಕಳಿಸಿದೆ."

"ಆರಿಸೋದು ತಪ್ಪಿಬಿಟ್ಟರೆ ಅಂತ ಭಯ ಗುರುಗಳೇ."

"ಭಯ ಇರಲಿ, ಪರವಾಗಿಲ್ಲ. ಕೂತ್ಕೋ, ಒಂದು ಕತೆ ಹೇಳ್ತೀನಿ. ಮುಗಿದ ಮೇಲೂ ಕೇಳೋದು ಉಳಿದಿದ್ದರೆ ಕೇಳು."

ಗವಿರಂಗಯ್ಯ ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಫೋಟೊದವನಿದ್ದ. ಬಸ್ ನಿಲ್ದಾಣದ ಎದುರಿಗೇ ಅವನ ಅಂಗಡಿ. ಕೆಲಸದಲ್ಲಿ ಗಟ್ಟಿಗ. ಅವನ ಬಾಯಲ್ಲಿ ಯಾವಾಗಲೂ ಒಂದು ಮಾತಿರುತ್ತಿತ್ತು: "ಅಲ್ಲಾಡಬೇಡಿ." ಮದುಮಕ್ಕಳಿಗೂ ಅದೇ, ಶಾಲೆಯ ಮಕ್ಕಳಿಗೂ ಅದೇ, ಕುರ್ಚಿಯ ಮೇಲೆ ಕೂರಿಸಿದ ಅಜ್ಜಿಗೂ ಅದೇ. ಆ ಮಾತು ಕಿವಿಗೆ ಬಿದ್ದ ಕೂಡಲೇ ಊರಿನ ಜನ ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮಿಟುಕಿಸದೆ, ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಅವನು ಬೀದಿಯಲ್ಲಿ ಎದುರಾದರೂ ಸಾಕು, ಕೆಲವರ ಬೆನ್ನು ತಾನೇ ನೆಟ್ಟಗಾಗುತ್ತಿತ್ತು. ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದರಿಂದಲೇ ಅವನ ಚಿತ್ರಗಳು ಕದಲದೆ ಬರುತ್ತಿದ್ದವು, ಮನೆಮನೆಯ ಗೋಡೆಯ ಮೇಲೆ ಅವನ ಕೆಲಸವೇ ಇತ್ತು.

ಬರಬರುತ್ತಾ ಜನ ಫೋಟೊದ ಜೊತೆಗೆ ವಿಡಿಯೊವನ್ನೂ ಕೇಳತೊಡಗಿದರು. ಇನ್ನೊಬ್ಬನನ್ನು ಕರೆದುಕೊಂಡು ಬರುವುದು ಅವನಿಗೆ ಒಗ್ಗಲಿಲ್ಲ. ಎರಡನ್ನೂ ನಾನೇ ಮಾಡುತ್ತೇನೆ ಎಂದು ಹಟ ತೊಟ್ಟ. ಎರಡಕ್ಕೂ ಆಗುವ ಕ್ಯಾಮೆರಾ ಹುಡುಕಲು ಹೊರಟ. ನಿನ್ನ ಹಾಗೆ ಕಾಗದದ ಮೇಲೆ ತೂಗಲಿಲ್ಲ. ಅಂಗಡಿಯಿಂದ ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿದು ತೂಗಿದ. ಕುತ್ತಿಗೆಗೆ ಹಾಕಿಕೊಂಡು ಓಡಾಡಿ ನೋಡಿದ. ಫೋಟೊದಿಂದ ವಿಡಿಯೊಗೆ ತಿರುಗಿಸುವ ಗುಂಡಿ ಕಣ್ಣಿಂದ ನೋಡದೆಯೇ ಹೆಬ್ಬೆರಳಿಗೆ ಸಿಗುತ್ತದೆಯೇ ಎಂದು ಕಣ್ಣು ಮುಚ್ಚಿ ನೋಡಿದ. ಕೊನೆಗೆ ಒಂದನ್ನು ಆರಿಸಿ ಕೊಂಡುಕೊಂಡ. ಕ್ಯಾಮೆರಾ ಒಳ್ಳೆಯದೇ. ಅದನ್ನು ನೆನಪಿಟ್ಟುಕೋ, ಈ ಕತೆಯಲ್ಲಿ ಕ್ಯಾಮೆರಾ ಎಲ್ಲಿಯೂ ಕೈಕೊಡುವುದಿಲ್ಲ.

ಅದೇ ನಿಲ್ದಾಣದಲ್ಲಿ ಬಸ್ಸಿಗೆ ಜನರನ್ನು ಕೂಗಿ ಹತ್ತಿಸುವವನೊಬ್ಬನಿದ್ದ. ಬಸ್ಸಿನ ತಗಡಿಗೆ ಕೈಯಿಂದ ಬಡಿದು ಅವನು ಊರುಗಳ ಹೆಸರು ಕೂಗತೊಡಗಿದರೆ, ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದವನು ಲೋಟ ಇಟ್ಟು ಎದ್ದು ಬರುತ್ತಿದ್ದ. ಅವನ ಅನ್ನ ಅವನ ಗಂಟಲಿನಲ್ಲಿತ್ತು.

ಒಂದು ದಿನ ಅವನು ಹೆಂಡತಿಯನ್ನೂ ಎಳೆ ಮಗುವನ್ನೂ ಕರೆದುಕೊಂಡು ಫೋಟೊದವನ ಅಂಗಡಿಗೆ ಬಂದ. ದನಿ ಒಡೆದಿತ್ತು.

"ಅಣ್ಣ, ಗಂಟಲಲ್ಲಿ ಗಡ್ಡೆ ಎದ್ದೈತೆ. ಧ್ವನಿಪೆಟ್ಟಿಗೇನೇ ತೆಗೀಬೇಕು ಅಂದವ್ರೆ ಡಾಕ್ಟ್ರು. ನಾಳೆ ಹೋಗಿ ಆಸ್ಪತ್ರೆಗೆ ಸೇರ್ಕೋತೀನಿ. ಜೀವಕ್ಕೇನೂ ಆಗಲ್ಲ, ಮಾತು ಹೋಗ್ತೈತೆ ಅಷ್ಟೇ. ಮಗೀಗೆ ಇನ್ನೂ ಏನೂ ತಿಳಿಯಲ್ಲ. ಅಪ್ಪನ ದನಿ ಹೆಂಗಿತ್ತು ಅಂತ ನಾಳೆ ಇದಕ್ಕೆ ಗೊತ್ತಾಗಬೇಕು. ಅವ್ರು ತೆಗೆಯೋಕೆ ಮುಂಚೆ ನೀವು ತೆಗೆದುಬಿಡಿ."

"ತೆಗೀತೀನಿ. ಚೆನ್ನಾಗೇ ತೆಗೀತೀನಿ" ಎಂದ ಫೋಟೊದವನು. ಬಾಯಿಮಾತಿಗೆ ಹೇಳಿದ್ದಲ್ಲ. ಅವನಿಗೆ ನಿಜವಾಗಿಯೂ ಸಂಕಟವಾಗಿತ್ತು.

ಮೊದಲು ಮೂವರನ್ನೂ ಕೂರಿಸಿ ಫೋಟೊ ತೆಗೆದ. ಅಲ್ಲಾಡಬೇಡಿ ಎಂದ, ಅವರು ಅಲ್ಲಾಡಲಿಲ್ಲ. ಫೋಟೊ ಬಹಳ ಚೆನ್ನಾಗಿ ಬಂತು. ಆಮೇಲೆ ಗುಂಡಿ ತಿರುಗಿಸಿ, ಕಾಲರಿಗೆ ಪುಟ್ಟ ಮೈಕು ಸಿಕ್ಕಿಸಿ, ದೀಪ ಸರಿಮಾಡಿ, ವಿಡಿಯೊ ಶುರು ಮಾಡಿದ. ಕೂಗುವವನು ಒಬ್ಬನೇ ಕುರ್ಚಿಯಲ್ಲಿ ಕೂತಿದ್ದ. ಮಗು ತಾಯಿಯ ಸೊಂಟದಲ್ಲಿತ್ತು.

"ಹೂಂ, ಮಾತಾಡಿ."

ಅವನು ಬಾಯಿ ತೆರೆದ. ತೆರೆದದ್ದೇ ತಡ, ಕೈ ಮೇಲೆದ್ದಿತು. ಆ ಮನುಷ್ಯನಿಗೆ ಕೈ ಎದ್ದರೇನೇ ದನಿ ಏಳುವುದು. ಮೈಯೂ ಕುರ್ಚಿಯಿಂದ ಅರ್ಧ ಎದ್ದಿತು. ತಲೆ ಚಿತ್ರದ ಅಂಚು ದಾಟಿ ಹೊರಕ್ಕೆ ಹೋಯಿತು.

"ಅಲ್ಲಾಡಬೇಡಿ" ಎಂದ ಫೋಟೊದವನು. ಯೋಚಿಸಿ ಹೇಳಿದ್ದಲ್ಲ. ಅಷ್ಟು ವರ್ಷದ ಮಾತು, ತಾನಾಗಿಯೇ ಬಂತು.

ಅವನು ಕೂತ. ಮತ್ತೆ ಶುರು ಮಾಡಿದ, ಮತ್ತೆ ಕೈ ಎದ್ದಿತು. "ಅಲ್ಲಾಡಬೇಡಿ." ಮತ್ತೆ ಕೂತ. ಈ ಸಲ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮಿಟುಕಿಸದೆ ಹೇಳಿದ: ತನ್ನ ಹೆಸರು, ತನ್ನ ತಂದೆಯ ಹೆಸರು, ತನ್ನ ಊರು. ಮಗಳೇ ಚೆನ್ನಾಗಿ ಓದು ಎಂದ. ಪೊಲೀಸಿನವರ ಮುಂದೆ ನಿಂತು ವಿಳಾಸ ಹೇಳಿದಂತಿತ್ತು. ಫೋಟೊದವನು ಪರದೆಯನ್ನೇ ನೋಡುತ್ತಿದ್ದ. ಕಣ್ಣಿನ ಮೇಲೆ ಫೋಕಸ್ ಕದಲಲಿಲ್ಲ. ಬೆಳಕು ಮುಖದ ಮೇಲೆ ಹದವಾಗಿ ಬಿದ್ದಿತ್ತು. ಅವನಿಗೆ ತೃಪ್ತಿಯಾಯಿತು.

ವಿಡಿಯೊ ತೋರಿಸಿದ. ಕೂಗುವವನು ನೋಡಿ ತಲೆಯಾಡಿಸಿದ. ಹೆಂಡತಿ ಮಗುವನ್ನು ಸೊಂಟದ ಮೇಲೆ ಸರಿಮಾಡಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು: "ಚೆನ್ನಾಗಿ ಬಂದೈತಣ್ಣ. ಫೋಟೊ ಮಾತಾಡಿದಂಗೈತೆ."

ಫೋಟೊದವನು ಅದನ್ನು ಹೊಗಳಿಕೆ ಎಂದುಕೊಂಡ. ನಗಬೇಡ ಭರಮೇಶ, ನೀನಾಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ. ಫೋಟೊ ತೆಗೆಯುವವರಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಇದೆಯೇ? ಪೆನ್‌ಡ್ರೈವಿಗೆ ಹಾಕಿ ಇಟ್ಟಿರುತ್ತೇನೆ, ಮನೆಗೆ ಹೋಗುವಾಗ ತಗೊಂಡು ಹೋಗಿ ಎಂದ. ಕೂಗುವವನು ಹೂಂ ಎಂದ. ನಿಂತಿರುವ ಬಸ್ಸೊಂದನ್ನು ತುಂಬಿಸಿ, ಅಲ್ಲಿಗೆ ಕೆಲಸ ಮುಗಿಸಿ ಬರುತ್ತೇನೆ ಎಂದು ಹೇಳಿ ಮೂವರೂ ರಸ್ತೆ ದಾಟಿದರು.

ಫೋಟೊದವನು ಕಂಪ್ಯೂಟರಿನ ಮುಂದೆ ಕೂತು ವಿಡಿಯೊವನ್ನು ಇನ್ನೊಂದು ಸಲ ಓಡಿಸಿದ. ಒಂದು ದೋಷವೂ ಕಾಣಲಿಲ್ಲ. ಹೊರಗಿನಿಂದ ಆಗ ದನಿ ಬಂತು.

"ಹುಳಿಯಾರ್, ಹುಳಿಯಾರ್, ಹುಳಿಯಾರ್! ಯಾರ್ರೀ ಚಿಕ್ಕನಾಯ್ಕನಳ್ಳಿ!"

ದನಿ ಒಡೆದಿತ್ತು, ನಡುನಡುವೆ ಹಿಡಿಯುತ್ತಿತ್ತು. ಆದರೂ ಎದುರಿಗೆ ಹೂವು ಕೊಳ್ಳುತ್ತಿದ್ದ ಹೆಂಗಸೊಬ್ಬಳು ಚೌಕಾಸಿ ಬಿಟ್ಟು ಬಸ್ಸಿನ ಕಡೆ ಓಡಿದಳು. ಇತ್ತ ಪರದೆಯ ಮೇಲೆ ಒಬ್ಬ ಮನುಷ್ಯ ಕೈಗಳ ಮೇಲೆ ಕೂತುಕೊಂಡು ತನ್ನ ವಿಳಾಸ ಹೇಳುತ್ತಿದ್ದ. ಅತ್ತ ನಿಲ್ದಾಣದಲ್ಲಿ ಅದೇ ಮನುಷ್ಯ ಇದ್ದ. ಕೂಗುವವನ ಹೆಂಡತಿ ಏನು ಹೇಳಿ ಹೋದಳು ಎಂದು ಫೋಟೊದವನಿಗೆ ಆಗ ತಿಳಿಯಿತು. ನಾಚಿಕೆಯಾಯಿತು. ನಾಚಿಕೊಂಡು ಕೂರಲು ಮಾತ್ರ ಹೊತ್ತಿರಲಿಲ್ಲ. ಆ ಬಸ್ಸು ತುಂಬಿದರೆ ಆ ದನಿ ಮುಗಿಯಿತು.

ಕ್ಯಾಮೆರಾ ಎತ್ತಿಕೊಂಡ. ಸ್ಟ್ಯಾಂಡು ಮುಟ್ಟಲಿಲ್ಲ, ದೀಪ ಮುಟ್ಟಲಿಲ್ಲ, ಮೈಕನ್ನೂ ಮೇಜಿನ ಮೇಲೇ ಬಿಟ್ಟ. ಲೆನ್ಸಿನ ಮುಚ್ಚಳ ತೆಗೆದು ಹಲ್ಲಿನ ನಡುವೆ ಕಚ್ಚಿ ಹಿಡಿದ. ತನ್ನ ಬಾಯಿಯ ಮೇಲೆ ಅವನಿಗೆ ನಂಬಿಕೆ ಇರಲಿಲ್ಲ. ಇವತ್ತು ಈ ಬಾಯಿ ತೆರೆಯಕೂಡದು ಎಂದು ನಿಶ್ಚಯ ಮಾಡಿಕೊಂಡು ರಸ್ತೆ ದಾಟಿದ.

ಮಟಮಟ ಮಧ್ಯಾಹ್ನ. ಅವನ ಮನಸ್ಸು ಒಪ್ಪದ ಬಿಸಿಲು. ಮುಖದ ಅರ್ಧ ಉರಿಯುತ್ತಿತ್ತು, ಇನ್ನರ್ಧ ನೆರಳಿನಲ್ಲಿತ್ತು. ಕೂಗುವವನು ಒಂದು ಕಡೆ ನಿಲ್ಲಲಿಲ್ಲ. ಬಸ್ಸಿನ ಹಿಂದಿನಿಂದ ಮುಂದಕ್ಕೆ ಹೋದ, ಮೆಟ್ಟಿಲು ಹತ್ತಿದ, ಇಳಿದ, ತಗಡಿಗೆ ಬಡಿದ. ಚಿತ್ರದಿಂದ ಹೊರಗೆ ಹೋದ, ಒಳಗೆ ಬಂದ. ಯಾರದೋ ಮೂಟೆ ನಡುವೆ ಅಡ್ಡ ಬಂತು. ಎರಡು ಸಲ ಫೋಕಸ್ ತಪ್ಪಿ ಮತ್ತೆ ಸಿಕ್ಕಿತು. ಅಲ್ಲಾಡಬೇಡಿ ಎಂಬ ಮಾತು ಎಷ್ಟು ಸಲ ಗಂಟಲಿಗೆ ಬಂತೋ ಅವನೇ ಬಲ್ಲ. ಮುಚ್ಚಳವನ್ನು ಇನ್ನೂ ಗಟ್ಟಿಯಾಗಿ ಕಚ್ಚಿದ.

ಬಸ್ಸು ತುಂಬಿತು. ಡ್ರೈವರು ಹಾರನ್ ಹೊಡೆದ. ಕೂಗುವವನು ತಿರುಗಿ ನೋಡಿದ. ಕ್ಯಾಮೆರಾ ಕಂಡಿತು, ಅದರ ಹಿಂದೆ ಬಾಯಲ್ಲಿ ಮುಚ್ಚಳ ಕಚ್ಚಿಕೊಂಡ ಮನುಷ್ಯ ಕಂಡ, ಅವನ ಪಕ್ಕದಲ್ಲಿ ಮಗುವನ್ನು ಎತ್ತಿಕೊಂಡ ಹೆಂಡತಿ ಕಂಡಳು. ನಡೆಯುತ್ತಿರುವುದೇನೆಂದು ಅವನಿಗೆ ಅರ್ಥವಾಯಿತು. ಕೂಗು ನಿಲ್ಲಿಸಲಿಲ್ಲ. ಕೈ ಎತ್ತಿ, ಬಸ್ಸಿನ ತಗಡಿಗೆ ಬಡಿದು, ಅದೇ ರಾಗದಲ್ಲಿ ಕೂಗಿದ:

"ಚಿನ್ನಿ, ಚಿನ್ನಿ, ಚಿನ್ನೀ! ಯಾರ್ರೀ ಚಿನ್ನಿ! ಬಾ ಬಾ ಬಾ, ಜಾಗ ಐತೆ, ಜಾಗ ಐತೆ!"

ತಾಯಿಯ ಸೊಂಟದಲ್ಲಿದ್ದ ಮಗು ಎರಡೂ ಕೈ ಚಾಚಿತು.

ಎತ್ತಿದ ಆ ಕೈ, ನಗುವ ಆ ಮುಖ, ಹಿಂದೆ ಹೊರಟ ಬಸ್ಸು. ಬದುಕಿನಲ್ಲಿ ಒಂದು ಸಲ ಸಿಗುವ ಫೋಟೊ ಅದು. ಅವನ ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಕಣ್ಣು ಮುಚ್ಚಿಕೊಂಡು ಅಭ್ಯಾಸ ಮಾಡಿದ ಬೆರಳು, ತಿರುಗಿಸಲು ಕ್ಷಣವೂ ಬೇಡ. ಆದರೆ ತಿರುಗಿಸಿದರೆ ಅಷ್ಟು ಹೊತ್ತು ದನಿ ತುಂಡಾಗುತ್ತದೆ. ಎರಡೂ ಬೇಕು ಎಂದು ಎರಡಕ್ಕೂ ಆಗುವ ಕ್ಯಾಮೆರಾ ಕೊಂಡವನು ಅವತ್ತು ಒಂದನ್ನು ಬಿಟ್ಟ. ಬೆರಳನ್ನು ಅಲ್ಲಾಡಿಸಲಿಲ್ಲ. ಬಸ್ಸು ತಿರುವು ದಾಟುವವರೆಗೂ, ಕೂಗು ಕೆಮ್ಮಾಗಿ ಕೆಮ್ಮು ನಗೆಯಾಗುವವರೆಗೂ, ಹಾಗೇ ಹಿಡಿದು ನಿಂತ.

ಮಾರನೆಯ ದಿನ ಕೂಗುವವನು ಆಸ್ಪತ್ರೆಗೆ ಸೇರಿದ. ಡಾಕ್ಟರು ತಮ್ಮ ಕೆಲಸ ಮಾಡಿದರು. ಜೀವ ಉಳಿಯಿತು, ದನಿ ಹೋಯಿತು. ಈಗ ಅವನು ಅದೇ ನಿಲ್ದಾಣದಲ್ಲಿ ಟಿಕೆಟ್ ಕೊಡುತ್ತಾನೆ.

ಸ್ಟುಡಿಯೊದಲ್ಲಿ ತೆಗೆದ ಫೋಟೊ ಅವನ ಮನೆಯ ಗೋಡೆಯ ಮೇಲಿದೆ. ಅದು ಕದಲಿಲ್ಲ, ಕದಲಬೇಕಾಗಿಯೂ ಇಲ್ಲ. ವಿಡಿಯೊ ಫೋನಿನಲ್ಲಿದೆ. ಮಗಳು ಈಗ ಶಾಲೆಗೆ ಹೋಗುವಷ್ಟು ದೊಡ್ಡವಳು. ಜಡೆ ಹಾಕಿಸಿಕೊಳ್ಳುವಾಗ ಅದನ್ನು ಹಾಕು ಎಂದು ಹಟ ಹಿಡಿಯುತ್ತಾಳೆ. ಬಿಸಿಲಿಗೆ ಅರ್ಧ ಸುಟ್ಟ ಚಿತ್ರ, ಹಾರನ್ನಿನ ಗದ್ದಲ, ನಡುವೆ ಯಾರದೋ ಮೂಟೆ. ಅವೆಲ್ಲದರ ಮೇಲೆ ಆ ದನಿ ಏಳುತ್ತದೆ. ದನಿ ಫೋನಿನಿಂದ ಬರುವಾಗ ಅಪ್ಪ ಪಕ್ಕದಲ್ಲಿ ಕೂತು ಅದಕ್ಕೆ ಸರಿಯಾಗಿ ಕೈ ಎತ್ತುತ್ತಾನೆ. ಯಾರ್ರೀ ಚಿನ್ನಿ ಎಂದಾಗ ಮಗಳು ಅರ್ಧ ಹೆಣೆದ ಜಡೆಯಲ್ಲೇ ಎದ್ದು ಓಡಿಹೋಗಿ ಅವನ ತೊಡೆ ಏರುತ್ತಾಳೆ. ದಿನಾ ಹಾಗೆಯೇ.

ಕತೆ ಮುಗಿಯಿತು. ಗವಿರಂಗಯ್ಯ ಮತ್ತೆ ಪೆಟ್ಟಿಗೆ ತೆರೆದು ಇನ್ನೊಂದು ಲೆನ್ಸು ಒರೆಸಲು ತೆಗೆದುಕೊಂಡರು.

ಭರಮೇಶನ ಕಣ್ಣು ಒದ್ದೆಯಾಗಿತ್ತು. ಅವನು ಒಳ್ಳೆಯ ಹುಡುಗನೇ. ಆದರೂ ಕಣ್ಣು ಒರೆಸಿಕೊಂಡು, "ಗುರುಗಳೇ, ಆ ಫೋಟೊದವನು ಕೊಂಡಿದ್ದು ಯಾವ ಕ್ಯಾಮೆರಾ?" ಎಂದ.

ಗುರುಗಳು ಈಗ ತಲೆ ಎತ್ತಿ ಅವನನ್ನು ನೋಡಿದರು.

"ಆ ಮಗು ಇವತ್ತಿನವರೆಗೂ ಆ ಪ್ರಶ್ನೆ ಕೇಳಿಲ್ಲ."