ಹುರಿದೊಡನೆ ಬೀಸಿದ ಕಾಫಿ

"ಗುರುಗಳೇ, ನಾನು ಹೇಳಿದ ಮಾತು ಸತ್ಯ. ತಪ್ಪು ಕಂಡ ಕೂಡಲೇ ಹೇಳಿದೆ. ಹಾಗಿದ್ದೂ ಕೇಳಿದವರು ಏಕೆ ಮುಖ ತಿರುಗಿಸಿಕೊಂಡರು?"

ಶಿಷ್ಯನ ದನಿಯಲ್ಲಿ ನೋವಿಗಿಂತ ಗೊಂದಲವೇ ಹೆಚ್ಚಾಗಿತ್ತು. ಹಿಂದಿನ ವಾರ ಊಟದ ಪಂಕ್ತಿಯಲ್ಲಿ, ಎಲ್ಲರ ಎದುರಿಗೆ, ಅವನು ಹಿರಿಯ ಸಹಪಾಠಿಯೊಬ್ಬನ ಶ್ಲೋಕದ ತಪ್ಪನ್ನು ಎತ್ತಿ ತೋರಿಸಿದ್ದ. ತಪ್ಪು ಇದ್ದದ್ದು ನಿಜ. ಅಂದಿನಿಂದ ಆ ಹಿರಿಯ ಇವನೊಡನೆ ಮಾತು ಬಿಟ್ಟಿದ್ದ. ಇಬ್ಬರೂ ಒಂದೇ ಕೋಣೆಯವರು.

ಗುರುಗಳು ಅವನನ್ನು ನೋಡಿದರು. "ಕುಳಿತುಕೋ. ನೆಟ್ಟಗೆ ಕುಳಿತುಕೋ," ಎಂದರು. ಅವನು ನೆಟ್ಟಗಾದ ಮೇಲೆ ಕತೆಯನ್ನು ಆರಂಭಿಸಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವರ್ತಕನಿದ್ದ. ಅವನಿಗೊಬ್ಬ ಅಣ್ಣ. ತಂದೆಯಿಲ್ಲದ ಮನೆಯಲ್ಲಿ ತಮ್ಮನನ್ನು ಸಾಕಿ, ಓದಿಸಿ, ಅಂಗಡಿಯ ಗದ್ದಿಗೆಯ ಮೇಲೆ ಕೂರಿಸಿದವನು ಆ ಅಣ್ಣನೇ. ತಮ್ಮನಿಗೆ ಕಾಫಿಯ ವಿಷಯದಲ್ಲಿ ನಾಲಗೆ ಬಹಳ ಚುರುಕು. ಅಣ್ಣನ ಮಗಳ ನಿಶ್ಚಿತಾರ್ಥದ ದಿನ, ಬೀಗರ ನಡುವೆ ಕುಳಿತು, ಲೋಟ ಬಾಯಿಗಿಟ್ಟವನೇ, "ಅಣ್ಣ, ಇದು ಮುಗ್ಗಲು ಪುಡಿ. ತಿಂಗಳುಗಟ್ಟಲೆ ಡಬ್ಬಿಯಲ್ಲಿ ಮಲಗಿದ್ದು," ಎಂದುಬಿಟ್ಟ. ಪುಡಿ ಮುಗ್ಗಿದ್ದು ನಿಜ. ಬೀಗರು ಒಬ್ಬೊಬ್ಬರಾಗಿ ಲೋಟ ಕೆಳಗಿಟ್ಟರು. ಅಣ್ಣ ಆ ಲೋಟಗಳನ್ನು ತಾನೇ ಎತ್ತಿಕೊಂಡು ಒಳಗೆ ಹೋದ. ಆಮೇಲೆ ತಮ್ಮನ ಮನೆಯ ಹೊಸ್ತಿಲು ತುಳಿಯಲಿಲ್ಲ.

ವರ್ಷಗಳು ಉರುಳಿದವು. ಸತ್ಯ ಹೇಳಿದವನು ನಾನು, ಶಿಕ್ಷೆಯೂ ನನಗೇ ಎಂದು ವರ್ತಕ ಮೊದಲು ಬೀಗಿದ. ಹಬ್ಬದ ದಿನಗಳಲ್ಲಿ ಊಟದ ಸಾಲಿನಲ್ಲಿ ಅಣ್ಣನ ಎಲೆಯೊಂದು ಕಡಿಮೆಯಾಗುತ್ತ ಬಂದಾಗ ಆ ಬಿಂಕ ಇಳಿಯಿತು. ಬಂಧುಗಳನ್ನು ಮುಂದೆ ಬಿಟ್ಟು ಅಣ್ಣನಿಗೆ ಕರೆ ಕಳುಹಿಸಿದ. ಅಣ್ಣ ಹೇಳಿಕಳುಹಿಸಿದ: "ಹುಣ್ಣಿಮೆಗೆ ಬರುತ್ತೇನೆ. ಒಂದು ಲೋಟ ಕಾಫಿ ಕುಡಿಯುತ್ತೇನೆ. ಕೂರುವುದೋ, ಏಳುವುದೋ, ಆಮೇಲೆ ನೋಡೋಣ."

ಆ ಒಂದು ಲೋಟದ ಮೇಲೆ ಅಣ್ಣತಮ್ಮಂದಿರ ನಂಟು ನಿಂತಿತು. ಅಂಗಡಿಯ ಪುಡಿ ಸಲ್ಲದು ಎಂದು ವರ್ತಕ ನಿರ್ಧರಿಸಿದ. ಹಸಿಬೀಜ ತರಿಸಿದ. ತಾನೇ ಒಲೆಯ ಮುಂದೆ ನಿಂತು, ಒಂದು ಬೀಜವೂ ಕಪ್ಪಾಗದಂತೆ, ಒಂದೂ ಹಸಿಯಾಗಿ ಉಳಿಯದಂತೆ ಹುರಿದ. ಬಿಸಿಯಾಗಿದ್ದಾಗಲೇ ಬೀಸಿದ. ಪುಡಿಯನ್ನು ಫಿಲ್ಟರಿಗೆ ಹಾಕಿ, ಹದವಾಗಿ ಒತ್ತಿ, ಕುದಿನೀರು ಸುರಿದ. ಇದಕ್ಕಿಂತ ತಾಜಾ ಕಾಫಿ ಇನ್ನೆಲ್ಲಿ?

ಪುಡಿ ಬುಸುಗುಟ್ಟಿ ಮೇಲೆದ್ದಿತು. ನೊರೆಯುಕ್ಕಿ ಅಂಚು ಮೀರಿತು. ನೀರು ಒಂದು ಕಡೆ ನಿಂತೇ ಇತ್ತು, ಇನ್ನೊಂದು ಕಡೆ ಬಿರುಕು ಹುಡುಕಿಕೊಂಡು ಓಡಿತು. ಕೆಳಗೆ ಬಿದ್ದದ್ದು ತೆಳ್ಳನೆಯ ಡಿಕಾಕ್ಷನ್. ಹಾಲು ಸಕ್ಕರೆ ಬೆರೆಸಿ ಕುಡಿದರೆ ಹುಳಿ, ಹೊಗೆ, ಒಗರು. ಅಣ್ಣನ ಮನೆಯ ಮುಗ್ಗಲು ಪುಡಿಯೇ ಇದಕ್ಕಿಂತ ವಾಸಿ ಎನಿಸಿತು.

ವರ್ತಕ ನೀರನ್ನು ದೂರಿದ. ಬೇರೆ ಬಾವಿಯಿಂದ ನೀರು ಬಂದಿತು, ಪುಡಿ ಉಕ್ಕಿತು. ಫಿಲ್ಟರನ್ನು ದೂರಿದ. ಪಾತ್ರೆ ವರ್ತಕನಿಗೆ ಫಿಲ್ಟರಿಗೆ ಬರವೇ? ಹಿತ್ತಾಳೆಯದು ಬಂದಿತು, ಸ್ಟೀಲಿನದು ಬಂದಿತು; ಪುಡಿ ಉಕ್ಕಿತು. ಹಾಲು ಕೊಡುವವಳನ್ನು ಬದಲಿಸಿದ. ಬೀಜದ ತೋಟ ಬದಲಿಸಿದ. ಕೊನೆಗೆ ಹೆಂಡತಿ ಹೇಳಿದಳು: "ನೀರಿನ ತಪ್ಪಾಯಿತು, ಪಾತ್ರೆಯ ತಪ್ಪಾಯಿತು, ಎಮ್ಮೆಯ ತಪ್ಪೂ ಆಯಿತು. ಇನ್ನು ಉಳಿದಿರುವುದು ನಾನು. ನನ್ನನ್ನೂ ಬದಲಿಸಿ ನೋಡಿ."

ವರ್ತಕ ನಗಲಿಲ್ಲ. ಅವನಿಗೆ ದಿಕ್ಕೇ ತೋಚುತ್ತಿರಲಿಲ್ಲ. ಬೀಜ ಇನ್ನೂ ತಾಜಾ ಇರಬೇಕು. ಅದೊಂದೇ ಅವನಿಗೆ ಹೊಳೆದ ಉಪಾಯ. ಬಾಣಲೆಯ ಪಕ್ಕಕ್ಕೇ ಬೀಸುವ ಯಂತ್ರವನ್ನು ತಂದಿಟ್ಟ. ಯಂತ್ರದ ಪಕ್ಕಕ್ಕೆ ಫಿಲ್ಟರು. ನಡುವೆ ಉಸಿರಾಡಲೂ ಬಿಡುವಿಲ್ಲ. ಕಾಫಿ ಮತ್ತಷ್ಟು ಕೆಟ್ಟಿತು. ಎಲ್ಲವೂ ಕ್ರಮವಾಗಿಯೇ ಇತ್ತು. ಬಾಯಿಗೆ ಬಂದದ್ದು ಮಾತ್ರ ಅಕ್ರಮ.

ಹುಣ್ಣಿಮೆ ಬಂದಿತು. ಬಂದವನನ್ನು ಕಾಯಿಸಬಾರದೆಂದು ವರ್ತಕ ಬೆಳಗ್ಗೆಯೇ ಬೀಜ ಹುರಿದಿಟ್ಟ. ಅಣ್ಣನ ಹೆಜ್ಜೆ ಕೇಳಿದ ಮೇಲೆ ಬೀಸೋಣವೆಂದು ಕಾದ. ಮಧ್ಯಾಹ್ನವಾಯಿತು, ಸಂಜೆಯಾಯಿತು, ಅಣ್ಣ ಬರಲಿಲ್ಲ. ವರ್ತಕ ಬೀಜವನ್ನು ಡಬ್ಬಿಗೆ ಸುರಿದು, ಮುಚ್ಚಳ ಮುಚ್ಚಿ, ಅಡುಗೆಮನೆಯಿಂದ ಹೊರಬಂದ. ಆಮೇಲೆ ಅತ್ತ ತಲೆ ಹಾಕಲಿಲ್ಲ. ಇನ್ನು ಬರುವುದಿಲ್ಲ ಎಂದೇ ತಿಳಿದ.

ಕೆಲವು ದಿನ ಕಳೆದು, ಯಾರೂ ನೆನೆಯದ ಹೊತ್ತಿನಲ್ಲಿ, ಅಣ್ಣ ಬಂದು ಜಗಲಿಯ ಮೇಲೆ ಕುಳಿತ.

ವರ್ತಕ ಕಕ್ಕಾಬಿಕ್ಕಿಯಾದ. "ಅಣ್ಣ, ಸ್ವಲ್ಪ ತಾಳು. ಹೊಸದಾಗಿ ಹುರಿಯುತ್ತೇನೆ."

"ಇಷ್ಟು ವರ್ಷ ತಾಳಿದ್ದು ಸಾಲದೇನಯ್ಯ? ಇದ್ದದ್ದನ್ನೇ ಬೀಸು."

"ಇದ್ದದ್ದು ಹಳೆಯದು. ಹುಣ್ಣಿಮೆಯ ದಿನ ಹುರಿದದ್ದು."

"ನಾನೇನು ನಿನ್ನೆ ಹುಟ್ಟಿದವನೇ? ಬೀಸು."

ವರ್ತಕ ಡಬ್ಬಿಯ ಮುಚ್ಚಳ ತೆರೆದ. ಅಂದು ಬೀಗರ ನಡುವೆ ತಾನಾಡಿದ ಮಾತನ್ನು ಇಂದು ಅಣ್ಣ ತನಗೇ ಆಡುತ್ತಾನೆ. ಆಡಿ ಎದ್ದು ಹೋಗುತ್ತಾನೆ. ಹೀಗೆಂದುಕೊಂಡೇ ಬೀಸಿದ, ಹೀಗೆಂದುಕೊಂಡೇ ನೀರು ಸುರಿದ. ಪುಡಿ ತುಸು ಉಬ್ಬಿತು. ಆಮೇಲೆ ಸುಮ್ಮನೆ ತಗ್ಗಿತು. ನೀರು ಒಳಗಿಳಿಯಿತು. ಡಿಕಾಕ್ಷನ್ ತೊಟ್ಟುತೊಟ್ಟಾಗಿ, ಗಟ್ಟಿಯಾಗಿ, ಕೆಳಗೆ ಬಿದ್ದಿತು. ಪರಿಮಳ ಜಗಲಿಯವರೆಗೆ ಹೋಯಿತು.

ಅಣ್ಣ ಲೋಟ ಎತ್ತಿದ. ಕೊನೆಯ ಗುಟುಕಿನವರೆಗೂ ಕುಡಿದ. ಖಾಲಿ ಲೋಟವನ್ನು ಮುಂದೆ ಚಾಚಿ, "ಇನ್ನೊಂದು ತಾ," ಎಂದ.

ವರ್ತಕನಿಗೆ ಸಂತೋಷಪಡುವುದೂ ತಿಳಿಯಲಿಲ್ಲ. ಅದೇ ಬೀಜ, ಅದೇ ನೀರು, ಅದೇ ಕೈ. ಲೋಟ ತುಂಬಿ ತಂದವನು ಬೇರೆ ಏನೂ ತೋಚದೆ, "ಅಣ್ಣ, ಹುಣ್ಣಿಮೆಗೆ ಏಕೆ ಬರಲಿಲ್ಲ?" ಎಂದು ಕೇಳಿದ.

"ಬಂದಿದ್ದೆ. ಬೀದಿಯ ತಿರುವಿನವರೆಗೂ ಬಂದಿದ್ದೆ. ನಿನ್ನ ಮನೆ ಕಂಡಿತು. ಅಂದಿನ ಬೀಗರ ಮುಖಗಳೂ ಕಣ್ಣ ಮುಂದೆ ಬಂದವು. ಒಳಗೆ ಕುದಿಯಿತು. ನಿನಗೆ ಹೇಳಬೇಕಾದ ಮಾತೊಂದು ಹೊಳೆಯಿತು. ಸುಳ್ಳಲ್ಲ, ಸತ್ಯವಾದ ಮಾತು. ಕೇಳಿದ್ದರೆ ನೀನು ಮತ್ತೆ ನನ್ನೆದುರು ತಲೆ ಎತ್ತುತ್ತಿರಲಿಲ್ಲ. ಅದನ್ನು ಬಾಯಲ್ಲಿಟ್ಟುಕೊಂಡು ಬರಬಾರದೆಂದು ಹಿಂತಿರುಗಿದೆ." ಅಣ್ಣ ಎರಡನೆಯ ಲೋಟವನ್ನೂ ಮುಗಿಸಿದ. ಅಂಗವಸ್ತ್ರವನ್ನು ಗೂಟಕ್ಕೆ ಹಾಕಿ, "ರಾತ್ರಿ ಊಟಕ್ಕೆ ಏನು ಮಾಡಿದ್ದಾಳೆ ನಿನ್ನ ಹೆಂಡತಿ?" ಎಂದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನ ಹುಬ್ಬು ಗಂಟಿಕ್ಕಿಯೇ ಇತ್ತು.

"ಹುರಿದ ಬೀಜದೊಳಗೆ ಗಾಳಿ ಸೇರಿರುತ್ತದೆ," ಎಂದರು ಗುರುಗಳು. "ಅದು ಇರುವವರೆಗೆ ನೀರನ್ನು ಒಳಗೆ ಬಿಡುವುದಿಲ್ಲ. ಕೆಲವು ದಿನ ಬಿಟ್ಟರೆ ಗಾಳಿ ಹೊರಡುತ್ತದೆ, ಸಾರ ಉಳಿಯುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಸಾರವೂ ಹೊರಡುತ್ತದೆ. ವರ್ತಕನಿಗೆ ಈ ಹದ ತಿಳಿದಿರಲಿಲ್ಲ. ಕಾಫಿ ಮಾಡಹೊರಟವನು ತಿಳಿದಿರಬೇಕು."

ಶಿಷ್ಯ ತಡೆಯಲಾರದೆ ಕೇಳಿದ: "ಅದು ಸರಿ, ಗುರುಗಳೇ. ಆದರೆ ಅಣ್ಣನ ಆ ಸತ್ಯವಾದ ಮಾತು? ಅದನ್ನು ಅವನು ಕೊನೆಗೆ ಹೇಳಿದನೇ?"

"ಊಟಕ್ಕೆ ಕುಳಿತಾಗ ತಮ್ಮನೇ ಕೇಳಿದ; ಎಷ್ಟು ಯೋಚಿಸಿದರೂ ಅದು ಅಣ್ಣನಿಗೆ ನೆನಪಾಗಲಿಲ್ಲ."

ಶಿಷ್ಯ ನಮಸ್ಕರಿಸಿ ಎದ್ದು, ಕೋಣೆಯ ಕಡೆ ನಡೆದ.