ವರ್ತಕ ಬಿಟ್ಟುಕೊಡದ ಗೀರು

ತೋಂಟಪ್ಪನೆಂಬ ಶಿಷ್ಯ ಗುರುಗಳ ಬಳಿ ಬಂದು ಕೇಳಿದ: "ಗುರುಗಳೇ, ಬಸಲಿಂಗ ನನ್ನ ತಂಬೂರಿ ಬೀಳಿಸಿ ಒಡೆದ. ನಾನು ಅವತ್ತೇ ಅವನನ್ನು ಕ್ಷಮಿಸಿದೆ. ಆದರೂ ನನ್ನನ್ನು ಕಂಡರೆ ಅವನು ದಾರಿ ಬದಲಿಸುತ್ತಾನೆ. ಭಜನೆಯಲ್ಲೂ ನನ್ನ ಪಕ್ಕ ಕೂರುವುದಿಲ್ಲ. ಕ್ಷಮಿಸಿದ ಮೇಲೂ ಹೀಗೇಕೆ?"

ಗುರುಗಳು ಶೇಂಗಾ ಸುಲಿಯುತ್ತಿದ್ದರು. ಒಂದು ಹಿಡಿ ಅವನ ಮುಂದೆ ಸರಿಸಿ, "ಕೂತುಕೊ, ಸುಲಿಯುತ್ತ ಕೇಳು" ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವರ್ತಕನಿದ್ದ. ಅವನ ಅಂಗಡಿಯ ಎದುರಿಗೇ ಒಬ್ಬ ಹಿಟ್ಟಿನ ಗಿರಣಿಯವನು. ಇಬ್ಬರೂ ಬಾಲ್ಯದ ಗೆಳೆಯರು. ಸಂಜೆಯಾದರೆ ಸಾಕು, ಅಂಗಡಿಯ ಕಟ್ಟೆಯ ಮೇಲೆ ಚೌಕಾಬಾರದ ಮನೆ ಬರೆದು ಕೂರುವರು. ಗಿರಣಿಯವನು ಕಾಯಿ ನಡೆಸುವಾಗ ಮೋಸ ಮಾಡುವನು. ವರ್ತಕ ಅದನ್ನು ಹಿಡಿಯುವನು. ಇಬ್ಬರೂ ಬಾಯಿ ಜೋರು ಮಾಡಿ, ಆಮೇಲೆ ಒಂದೇ ಚಹಾ ಹಂಚಿಕೊಂಡು ಕುಡಿಯುವರು. ವರ್ತಕನಿಗೆ ದಿನದ ವ್ಯಾಪಾರಕ್ಕಿಂತ ಆ ಹೊತ್ತೇ ಹೆಚ್ಚು.

ವರ್ತಕ ಕೆಂಪು ಬಣ್ಣದ ಹೊಸ ಕಾರು ಕೊಂಡ. ಒಂದು ದಿನ ಗಿರಣಿಯವನು ತನ್ನ ಗೂಡ್ಸ್ ಆಟೋವನ್ನು ಹಿಂದಕ್ಕೆ ತೆಗೆಯುವಾಗ ಅದರ ಕಬ್ಬಿಣದ ಕೊಂಡಿ ಆ ಕಾರಿನ ಹಿಂದಿನ ಬಂಪರಿಗೆ ತಾಗಿ ಪರ್ರೆಂದು ಎಳೆಯಿತು. ಬಣ್ಣ ಕಿತ್ತುಹೋಗಿ ಒಳಗಿನ ಕರಿ ಪ್ಲಾಸ್ಟಿಕ್ ಕಾಣುವಷ್ಟು ಆಳದ ಗೀರು. ಗಿರಣಿಯವನು ಕೆಳಗಿಳಿದು ಓಡಿಬಂದ. "ನಂದೇ ತಪ್ಪು ದೋಸ್ತ, ನಾಳೆಯೇ ಸರಿ ಮಾಡಿಸಿಕೊಡುತ್ತೇನೆ" ಎಂದ. ಅಷ್ಟರಲ್ಲಿ ಜನ ಸೇರಿದ್ದರು. ವರ್ತಕ ಅವರನ್ನೆಲ್ಲ ಒಮ್ಮೆ ನೋಡಿದ. ಗೆಳೆಯನ ಹೆಗಲ ಮೇಲೆ ಕೈಯಿಟ್ಟು, "ಏನೂ ಬೇಡ. ಕ್ಷಮಿಸಿದ್ದೇನೆ, ಬಿಡು" ಎಂದ. ಜನ ಶಹಬ್ಬಾಸ್ ಎಂದರು. ವರ್ತಕನಿಗೆ ಹಿಗ್ಗೋ ಹಿಗ್ಗು.

ಆ ಹಿಗ್ಗು ಅಲ್ಲಿಗೇ ನಿಂತಿದ್ದರೆ ನನಗೆ ಹೇಳಲು ಕತೆಯೇ ಇರುತ್ತಿರಲಿಲ್ಲ. ಮರುದಿನ ಕೊಡ ಕೊಳ್ಳಲು ಬಂದ ಹೆಂಗಸನ್ನು ಅವನು ಕಾರಿನ ಹಿಂದಕ್ಕೆ ಕರೆದೊಯ್ದ. "ನೋಡಿದಿರಾ ಅಕ್ಕಾ, ಗಿರಣಿಯವನ ಕೆಲಸ. ಬೇರೆಯವರಾಗಿದ್ದರೆ ಸುಮ್ಮನೆ ಬಿಡುತ್ತಿದ್ದರೇ? ನಾನು ಕ್ಷಮಿಸಿದೆ" ಎಂದ. ಆಮೇಲೆ ಬಂದವರಿಗೆಲ್ಲ ಇದೇ ಪುರಾಣ. ಕಾರು ತೊಳೆಯುವಾಗ ಗೀರಿನಲ್ಲಿ ಕೂತ ಧೂಳನ್ನು ಹಳೆಯ ಟೂತ್‌ಬ್ರಶ್ಶಿನಿಂದ ತೆಗೆದು, ಅದು ಚೆನ್ನಾಗಿ ಕಾಣುವಂತೆ ನೋಡಿಕೊಂಡ. "ಬಣ್ಣ ಹಚ್ಚಿಸಬಾರದೇ?" ಎಂದು ಹೆಂಡತಿ ಕೇಳಿದರೆ, "ಇರಲಿ ಬಿಡು, ನನಗೇನೂ ಬೇಸರವಿಲ್ಲ" ಎನ್ನುವನು. ಬೇಸರ ಎಲ್ಲಿಂದ ಬರಬೇಕು? ಆ ಗೀರು ಇವನ ದೊಡ್ಡತನಕ್ಕೆ ಬೋರ್ಡು ಬರೆಸಿದಂತೆ ಇತ್ತು.

ಗಿರಣಿಗೆ ಬಂದವರೂ, "ಅಂಥ ಗೆಳೆಯ ಸಿಕ್ಕಿದ್ದಾನೆ, ನೀನು ಪುಣ್ಯವಂತನಪ್ಪ" ಎನ್ನತೊಡಗಿದರು. ಗಿರಣಿಯವನು ಸಂಜೆ ಕಟ್ಟೆಗೆ ಬರುವುದನ್ನೇ ಬಿಟ್ಟ. ವರ್ತಕ ಒಬ್ಬನೇ ಕವಡೆ ಕುಲುಕುತ್ತ ಕೂತ. ಮೋಸ ಮಾಡುವವನಿಲ್ಲದ ಆಟ ಸಪ್ಪೆಯಾಯಿತು. ಲೋಟದ ಚಹಾ ಪೂರ್ತಿ ತನಗೇ ಸಿಕ್ಕರೂ ರುಚಿಸಲಿಲ್ಲ. "ನಾನು ಕ್ಷಮಿಸಿದ ಮೇಲೂ ಇವನಿಗೆಂಥ ಬಿಂಕ" ಎಂದು ಮುಖ ಊದಿಸಿಕೊಂಡ. ಗೆಳೆಯ ಕೈತಪ್ಪಿ ಹೋದನೆಂಬ ಸಂಕಟ ಮಾತ್ರ ಒಳಗೊಳಗೇ ಅವನನ್ನು ತಿನ್ನುತ್ತಿತ್ತು.

ಒಂದು ರಜೆಯ ದಿನ ಬೆಳಿಗ್ಗೆ ಗಿರಣಿಯವನು ಚೀಲ ಹಿಡಿದು ಬಂದ. ಅದರಲ್ಲಿ ಉಪ್ಪುಕಾಗದ, ಗೀರು ತುಂಬುವ ಪುಟ್ಟಿ, ಕೆಂಪು ಬಣ್ಣದ ಸ್ಪ್ರೇ ಡಬ್ಬಿ ಇದ್ದವು. ವರ್ತಕ ಉಕ್ಕಿಬಂದ ಸಂತೋಷವನ್ನು ಅದುಮಿಕೊಂಡು, "ಇದೆಲ್ಲ ಯಾಕಪ್ಪ? ಅವತ್ತೇ ಕ್ಷಮೆ ಕೊಟ್ಟೆನಲ್ಲ" ಎಂದ.

"ಕ್ಷಮೆ ಕೊಟ್ಟೆ, ಗೀರು ಇಟ್ಟುಕೊಂಡೆ" ಎಂದ ಗಿರಣಿಯವನು. "ಅದು ನಂದು. ಇವತ್ತು ನನಗೆ ಕೊಟ್ಟುಬಿಡು."

ವರ್ತಕ ಗೀರನ್ನೊಮ್ಮೆ ಸವರಿದ. ಒಳಗೆ ಹೋಗಿ ಒಂದು ಬಕೆಟ್ ನೀರು ತಂದ.

ಗಿರಣಿಯವನು ಉಪ್ಪುಕಾಗದದಿಂದ ಉಜ್ಜಿದ, ವರ್ತಕ ಮೇಲಿನಿಂದ ನೀರು ಬಿಟ್ಟ. ದಾರದಷ್ಟಿದ್ದ ಗೀರು ನೋಡನೋಡುತ್ತ ಅಂಗೈಯಗಲ ಆಯಿತು. ಸುತ್ತಲಿನ ಒಳ್ಳೆಯ ಬಣ್ಣವೂ ಹೋಯಿತು. "ಇದ್ದದ್ದನ್ನೂ ಕೆಡಿಸುತ್ತೀಯಲ್ಲೋ" ಎಂದು ವರ್ತಕ ಬಾಯಿ ಬಡಿದುಕೊಂಡ. "ಪೇಂಟರನನ್ನು ಕೇಳಿಕೊಂಡೇ ಬಂದಿದ್ದೇನೆ. ಅಂಚು ಉಳಿಸಿ ಬಣ್ಣ ಹೊಡೆದರೆ ಗೀರು ಮತ್ತೆ ಕಾಣುತ್ತದಂತೆ. ಬೆರಳಾಡಿಸಿ ನೋಡು" ಎಂದ ಗಿರಣಿಯವನು. ವರ್ತಕ ಬೆರಳಾಡಿಸಿದ. ಒಂದು ಕಡೆ ಇನ್ನೂ ತಡೆಯುತ್ತಿತ್ತು. ಗೆಳೆಯನ ಕೈಯಿಂದ ಕಾಗದ ಕಸಿದುಕೊಂಡು ತಾನೇ ಉಜ್ಜಲು ಕೂತ.

ಪುಟ್ಟಿ ತುಂಬಿದರು, ಒಣಗಿಸಿದರು, ಮತ್ತೆ ಉಜ್ಜಿದರು. ವರ್ತಕ ಅವಸರಪಟ್ಟು ಬಣ್ಣ ಹೆಚ್ಚು ಹೊಡೆದ. ಅದು ಕೆಳಗಿಳಿದು ಗೆರೆಗಟ್ಟಿತು. ಒಣಗಿದ ಮೇಲೆ ಅದನ್ನೂ ಉಜ್ಜಿ ತೆಗೆದು ಹೊಸದಾಗಿ ಹೊಡೆದರು. ಗಿರಣಿಯವನ ಮೂಗಿಗೆ ಬಣ್ಣ ಮೆತ್ತಿದ್ದು ಅವನಿಗೆ ಗೊತ್ತಾಗಲಿಲ್ಲ, ವರ್ತಕ ಕಂಡೂ ಹೇಳಲಿಲ್ಲ. ಮಧ್ಯಾಹ್ನ ಒಂದೇ ತಟ್ಟೆಯಲ್ಲಿ ಉಂಡರು. ಪಾಲಿಶ್ ಮುಗಿಯುವ ಹೊತ್ತಿಗೆ ಸಂಜೆಯಾಗಿತ್ತು, ಕವಡೆಗಳು ಹೊರಗೆ ಬಂದವು.

ಕೆಲವು ದಿನಗಳ ಮೇಲೆ ಇಬ್ಬರೂ ಆಡುತ್ತಿದ್ದಾಗ ಪರವೂರಿನ ಗಿರಾಕಿಯೊಬ್ಬ ಬಂದ. ವರ್ತಕನ ಹಳೆಯ ಚಾಳಿ ಎಲ್ಲಿ ಹೋಗಬೇಕು? ಅವನನ್ನು ಕಾರಿನ ಹಿಂದಕ್ಕೆ ಕರೆದೊಯ್ದು, "ಇಲ್ಲಿ ನೋಡಿ" ಎಂದು ಕೈ ತೋರಿಸಿದ. ಗಿರಾಕಿ ಬಗ್ಗಿ ನೋಡಿ, "ಏನು ನೋಡಬೇಕು ಸ್ವಾಮಿ?" ಎಂದ. ವರ್ತಕ ಬಂಪರನ್ನು ಸವರಿದ. ಕಣ್ಣಿಗೂ ಏನೂ ಕಾಣಲಿಲ್ಲ, ಬೆರಳಿಗೂ ಏನೂ ಸಿಗಲಿಲ್ಲ. ಅವನಿಗೆ ತನ್ನ ಬಗ್ಗೆಯೇ ನಗು ಬಂತು. ಬಂಪರಿನ ಮೇಲೆ ಕೈಯೂರಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕ. ಕಾರು ಕೊಂಡ ದಿನವೂ ಅವನ ಮನಸ್ಸು ಅಷ್ಟು ಹಗುರಾಗಿರಲಿಲ್ಲ. ಅವನು ನಗುತ್ತಿರುವಾಗಲೇ ಗಿರಣಿಯವನು ಕಟ್ಟೆಯ ಮೇಲೆ ಒಂದು ಕಾಯಿಯನ್ನು ಮೆಲ್ಲಗೆ ಮುಂದಿನ ಮನೆಗೆ ಸರಿಸಿಬಿಟ್ಟ.

ಗುರುಗಳು ಕತೆ ನಿಲ್ಲಿಸಿದರು. ತೋಂಟಪ್ಪನಿಗೂ ನಗು ತಡೆಯಲಾಗಲಿಲ್ಲ. "ಎಂಥ ಪೆದ್ದ ಗುರುಗಳೇ ಆ ವರ್ತಕ. ಕ್ಷಮಿಸಿದೆ, ಕ್ಷಮಿಸಿದೆ ಎಂದು ಕಂಡಕಂಡವರ ಮುಂದೆ ಹೇಳಿಕೊಂಡರೆ ಆ ಗೆಳೆಯನಾದರೂ ಹೇಗೆ ಬಂದಾನು?"

ಗುರುಗಳು ತಾವು ಸುಲಿದಿಟ್ಟ ಶೇಂಗಾವನ್ನೆಲ್ಲ ಅವನ ಬೊಗಸೆಗೆ ಸುರಿದು, ನಗುತ್ತಲೇ ಕೇಳಿದರು:

"ಬಸಲಿಂಗನನ್ನು ಕ್ಷಮಿಸಿದೆನೆಂದು ನೀನು ನನಗೆ ಹೇಳುತ್ತಿರುವುದು ಇದು ಎಷ್ಟನೆಯ ಸಲ, ತೋಂಟಪ್ಪ?"