ಹಂಚಿನ ಕೆಳಗಿನ ಹೂ

ಹೊಳೆಯ ದಂಡೆಗೊಂದು ಮಠ. ಮಠಕ್ಕೊಬ್ಬ ಅಜ್ಜಾರು. ಅವರ ಅಂಗಳದಲ್ಲಿ ಒಂದು ಬಾಲವಾಡಿ.

ಆ ಬಾಲವಾಡಿಯಲ್ಲಿ ಅಕ್ಷರ ತಿದ್ದಿಸುತ್ತಿರಲಿಲ್ಲ. ಹಾಲುಹಲ್ಲಿನ ಮಕ್ಕಳು ಏನಾದರೊಂದು ಕೇಳಬೇಕು. ಕೇಳಿದ್ದನ್ನು ತಾವೇ ಕೈಯಾರೆ ಮಾಡಿ ತಿಳಿಯಬೇಕು. ಎಷ್ಟು ದಿನ ಹಿಡಿದರೂ ಸರಿ. ಅದೇ ಪಾಠ.

ಮಕ್ಕಳ ಮಾಸ್ತರ ಅಡಿವೆಪ್ಪ. ಅಜ್ಜಾರ ಶಿಷ್ಯ. ಹೆಂಡತಿ ತೀರಿದ ಮೇಲೆ ಎಳೆಗೂಸನ್ನು ಹೆಗಲಿಗೆ ಹಾಕಿಕೊಂಡು ಮಠಕ್ಕೆ ಬಂದವನು, ತಿರುಗಿ ಹೋಗಲಿಲ್ಲ. ಆ ಕೂಸು ನೀಲವ್ವ. ಈಗ ಬಾಲವಾಡಿಯ ಮಕ್ಕಳಲ್ಲಿ ಅವಳೂ ಒಬ್ಬಳು.

ಹೆಂಡತಿ ತೀರಿದ್ದು ಒಲೆಯ ಮುಂದೆ. ಸೆರಗಿಗೆ ಬೆಂಕಿ ಹತ್ತಿತ್ತು. ಅಡಿವೆಪ್ಪ ಹೊಲದಿಂದ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೂಲೆಯಲ್ಲಿ ನೀರಿನ ಗಡಿಗೆ ತುಂಬಿದ್ದು ತುಂಬಿದ ಹಾಗೇ ಇತ್ತು.

ಅಂದಿನಿಂದ ಅವನು ಅಡಿಗೆಮನೆಗೆ ಕಾಲಿಟ್ಟಿಲ್ಲ. ಬಿಸಿಯದು ಉಂಡಿಲ್ಲ. ಚಳಿಗಾಲದಲ್ಲಿ ಎಲ್ಲರೂ ಬೆಂಕಿ ಕಾಯಿಸುತ್ತ ಕೂತರೆ ಅವನು ಮಗಳನ್ನು ಎತ್ತಿಕೊಂಡು ಹೊಳೆಯ ಕಡೆ ನಡೆಯುವನು. ನೀಲವ್ವ ಒಲೆಯನ್ನು ಹತ್ತಿರದಿಂದ ಕಂಡದ್ದೇ ಇಲ್ಲ.

ಒಂದು ದಿನ ಊಟಕ್ಕೆ ಕೂತ ಯಮನೂರ ಎಂಬ ಹುಡುಗ ರೊಟ್ಟಿ ಎತ್ತಿ ಹಿಡಿದು ಕೇಳಿದ.

"ಅಜ್ಜಾ, ರೊಟ್ಟಿ ಎಲ್ಲಿಂದ ಬರತೈತಿ?"

"ಬಸಲಿಂಗವ್ವನ ಬುಟ್ಟಿಯಿಂದ," ಎಂದಳು ಪಕ್ಕದಲ್ಲಿದ್ದ ಖಾಸಿಂಬಿ. ಬಸಲಿಂಗವ್ವ ಮಠದ ಅಡಿಗೆಯವಳು.

"ಬುಟ್ಟಿಗೆ ಎಲ್ಲಿಂದ ಬಂತು?"

ಖಾಸಿಂಬಿ ಅಜ್ಜಾರ ಕಡೆ ತಿರುಗಿದಳು. ಅಜ್ಜಾರು ನಕ್ಕರು.

"ಮಾಡಿ ನೋಡ್ರಿ," ಎಂದರು.

ಹೊಳೆಯ ಪಕ್ಕದ ಕರಿಮಣ್ಣಲ್ಲಿ ಮಕ್ಕಳು ಜೋಳ ಬಿತ್ತಿದರು. ಬಿತ್ತುವಾಗ ಅಡಿವೆಪ್ಪನಷ್ಟು ಖುಷಿಯಾದವರು ಯಾರೂ ಇರಲಿಲ್ಲ. ಹುಟ್ಟಾ ಒಕ್ಕಲಿಗ ಅವನು. ಮಣ್ಣು ಕಂಡರೆ ಅವನ ಮುಖ ಬಿಚ್ಚುತ್ತಿತ್ತು.

ಮೊಳಕೆ ಬಂತು. ಬೆಳೆದೈತೋ ಇಲ್ಲೋ ನೋಡತೀನಿ ಅಂತ ಯಮನೂರ ಒಂದನ್ನು ಕಿತ್ತು ನೋಡಿದ. ಮತ್ತೆ ನೆಟ್ಟ. ಅದು ಬಾಡಿತು. ಅವನು ಅತ್ತ. ಆಮೇಲೆ ಬೇರೆಯವರನ್ನೂ ಕೀಳಲು ಬಿಡಲಿಲ್ಲ.

ತೆನೆ ಕಟ್ಟಿತು. ಮಕ್ಕಳು ಡಬ್ಬಿ ಬಡಿದು ಹಕ್ಕಿ ಓಡಿಸಿದರು. ಹಾಲುಗಾಳು ಬಲಿತಾಗ ಖಾಸಿಂಬಿ ಓಡಿ ಬಂದಳು.

"ಮಾಸ್ತರ, ಸೀತನಿ ಸುಡೋಣ್ರಿ!"

ಎಳೆ ತೆನೆಯನ್ನು ಕೆಂಡದಲ್ಲಿ ಸುಟ್ಟು, ಉಜ್ಜಿ ತಿನ್ನುವುದು. ಯಾವ ಮಗುವಿಗೆ ಬಾಯಲ್ಲಿ ನೀರೂರುವುದಿಲ್ಲ?

ಅಡಿವೆಪ್ಪನ ಬಾಯಿ ಒಣಗಿತು.

"ಹಸೀದ ತಿನ್ರಿ. ಅದ ರುಚಿ," ಎಂದ.

ಅಂದಿನಿಂದ ಅವನಿಗೆ ನಿದ್ದೆ ಕಮ್ಮಿಯಾಯಿತು. ಬಿತ್ತಿದ್ದು ಬೆಳೆಯುತ್ತಿತ್ತು. ಬೆಳೆದದ್ದು ಕೊನೆಗೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಅವನಿಗೆ ಗೊತ್ತಿತ್ತು. ತೆನೆ ಬಿಳಿದಾದಷ್ಟೂ ಅವನ ಎದೆಯಲ್ಲಿ ಹೊಗೆ ಕಟ್ಟಿತು.

ಕೊಯ್ದರು. ಬಡಿದರು. ತೂರಿದರು. ಇನ್ನೇನು ಬೀಸಬೇಕು, ಅಡಿವೆಪ್ಪ ಕಾಳು ಮುಟ್ಟಿ ನೋಡಿ, "ಇನ್ನೂ ಒಣಗಬೇಕು," ಎಂದ. ಒಣಗಿಸಿದರು. ಬೀಸಿದರು. "ಇನ್ನೂ ಸಣ್ಣಗಾಗಬೇಕು," ಎಂದ. ಮತ್ತೆ ಬೀಸಿದರು. "ಜರಡಿ ಹಿಡೀರಿ," ಎಂದ. ಹಿಡಿದರು. ಹಿಟ್ಟು ಡಬ್ಬಿ ಸೇರಿತು. ಅಲ್ಲಿಯೇ ಕೂತಿತು.

ಬಸಲಿಂಗವ್ವ ಸುಮ್ಮನಿರುವ ಪೈಕಿ ಅಲ್ಲ.

"ಏನ್ರಿ ಮಾಸ್ತರ, ಹಿಟ್ಟನ್ನ ತೊಟ್ಟಲದಾಗ ಹಾಕಿ ತೂಗಾಕತ್ತೀರೇನು? ಜೋಳದ ಹಿಟ್ಟು ಹಳೇದಾತಂದ್ರ ಜಿಗಿ ಹೋಗತೈತಿ. ಆಮ್ಯಾಲೆ ತಣ್ಣೀರಿಗೆ ಬಗ್ಗೂದಿಲ್ಲ. ಕುದಿನೀರು ಹೊಯ್ದು ನಾದಬೇಕಾಗತೈತಿ, ನೋಡ್ರಿ ಮತ್ತ."

ಅಡಿವೆಪ್ಪ ಅಜ್ಜಾರ ಹತ್ತಿರ ಹೋದ. ಅವರು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು.

"ಅಜ್ಜಾರ, ಹಿಟ್ಟುತನಕ ಬಂದಾವ ಹುಡುಗರು. ಇಷ್ಟಕ್ಕ ಸಾಕು ಮಾಡೂಣ್ರಿ."

"ಹೊಳಿ ದಾಟಾವ ನಡುನೀರಾಗ ಸಾಕು ಅಂದ್ರ, ಎಲ್ಲಿ ನಿಂದರತಾನೋ?"

ಹೊಳೆಯ ಆಚೆ ಮುತ್ತುಗದ ಗಿಡಗಳು ಮೈತುಂಬ ಹೂ ಬಿಟ್ಟಿದ್ದವು. ಎಲೆಯೇ ಕಾಣದ ಹಾಗೆ, ಕೆಂಪಗೆ. ಅಡಿವೆಪ್ಪ ಅದನ್ನೇ ನೋಡುತ್ತ ನಿಂತ.

ಮರುದಿನ ಬಾಲವಾಡಿಯ ಅಂಗಳದಲ್ಲಿ ಮೂರು ಕಲ್ಲಿನ ಒಲೆ ಹೂಡಿದ. ಮೇಲೆ ಹಂಚಿಟ್ಟ. ಹಂಚಿನ ಕೆಳಗೆ ಉಡಿತುಂಬ ಮುತ್ತುಗದ ಹೂ ಸುರಿದ.

"ಮಾಸ್ತರ, ಇದೇನ್ರಿ?"

"ಬೆಂಕಿ. ಇದ ನಮ್ಮ ಬೆಂಕಿ," ಎಂದ ಅಡಿವೆಪ್ಪ.

ಮಕ್ಕಳು ಕುಣಿದಾಡಿದರು. ಹೂವಿಗೆ ಊದಿದರು. ಒಂದೊಂದು ಹೂ ಹೆಕ್ಕಿ ಕಿವಿಗಿಟ್ಟುಕೊಂಡರು. ಹಿಟ್ಟು ಕಲಸಿ, ಅಂಗೈಯಷ್ಟು ತಟ್ಟಿ, ತಣ್ಣನೆ ಹಂಚಿನ ಮೇಲಿಟ್ಟರು. ಅಜ್ಜಾರನ್ನು ಉಣ್ಣಲು ಕರೆದರು.

ಅಜ್ಜಾರು ಬಂದು ಚಕ್ಕಂಬಕ್ಕಳ ಹಾಕಿ ಕೂತರು. ಹಸಿಹಿಟ್ಟನ್ನು ಮುರಿದು ಬಾಯಿಗಿಟ್ಟುಕೊಂಡರು. ಅಗಿದರು. ಮತ್ತೂ ಅಗಿದರು.

ಯಮನೂರ ಹೊಟ್ಟೆ ಹಿಡಿದು ನಕ್ಕ. "ಅಜ್ಜಾ, ಅದು ಹಸೀದೈತಿ!"

"ಹೌದಾ? ಕೆಳಗ ಬೆಂಕಿ ಐತಲ್ಲೋ?"

"ಅದು ಹೂವಜ್ಜಾ! ಸುಳ್ಳ ಬೆಂಕಿ!"

ನೀಲವ್ವ ಸಿಟ್ಟಿಗೆದ್ದಳು. ಕಿವಿಯ ಮೇಲಿನ ಹೂ ಅಲುಗಿತು.

"ಸುಳ್ಳಲ್ಲ. ಬೆಂಕೀನ. ಅಪ್ಪ ಹೇಳ್ಯಾನ."

ಅಜ್ಜಾರ ದವಡೆ ನಿಂತಿತು.

"ಕೇಳಿದೇನೋ ಅಡಿವೆಪ್ಪಾ?" ಎಂದರು.

ಅಡಿವೆಪ್ಪ ಕೇಳಿದ್ದ. ಆದರೆ ಏನು ಕೇಳಿದೆ ಎಂದು ಅವನಿಗೆ ಆಗ ತಿಳಿಯಲಿಲ್ಲ.

ತಿಳಿದದ್ದು ಮಧ್ಯಾಹ್ನ ಇಳಿದ ಮೇಲೆ.

ಬಸಲಿಂಗವ್ವ ಕಟ್ಟಿಗೆ ತರಲು ಹಿತ್ತಲಿಗೆ ಹೋಗಿದ್ದಳು. ಅಡಿವೆಪ್ಪ ಅಂಗಳ ಗುಡಿಸುತ್ತಿದ್ದ. ತಲೆ ಎತ್ತಿದಾಗ ಅಡಿಗೆಮನೆಯ ಬಾಗಿಲಾಚೆ ಮಗಳ ಬೆನ್ನು ಕಂಡಿತು. ನೀಲವ್ವ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಉಡಿ ಒಡ್ಡಿದ್ದಳು. ಒಳಗೆ ಕೆಂಡ ಕೆಂಪಗಿತ್ತು.

ಹೂ ಹೆಕ್ಕುವ ಹಾಗೆ ಕೈ ಚಾಚಿದಳು.

ಅಡಿವೆಪ್ಪನ ಕಾಲು ನೆಲದಲ್ಲಿ ಹೂತವು. ಬಾಯಿ ತೆರೆಯಿತು, ದನಿ ಬರಲಿಲ್ಲ. ಕಸಬರಿಗೆ ಕೈಯಿಂದ ಜಾರಿತು. ಅದು ಬಿದ್ದ ಸಪ್ಪಳವೂ ಅವನಿಗೆ ಕೇಳಿಸಲಿಲ್ಲ.

ಮಗು ಚೀರಿತು.

ಆಮೇಲೆ ಹೇಗೆ ಹೋದನೋ, ಹೊಸಿಲು ಹೇಗೆ ದಾಟಿದನೋ. ಮಗಳನ್ನು ಎಳೆದು ಹಿಂದೆ ಹಾಕಿದ. ಮೂಲೆಯ ಗಡಿಗೆ ಎತ್ತಿ ಇಡೀ ನೀರನ್ನು ಒಲೆಗೆ ಸುರಿದ. ಒಲೆ ಹಾವಿನ ಹಾಗೆ ಬುಸುಗುಟ್ಟಿತು. ಬೂದಿ, ಹೊಗೆ. ಇಬ್ಬರೂ ಕೆಮ್ಮಿದರು.

ನೀಲವ್ವ ಬೆರಳು ಹಿಡಿದು ಬಿಕ್ಕುತ್ತಿದ್ದಳು. ತುದಿಯಲ್ಲಿ ಸಣ್ಣದೊಂದು ಬೊಬ್ಬೆ ಎದ್ದಿತ್ತು.

"ಅಪ್ಪಾ, ಈ ಹೂ ಕಡೀತು."

ಕಟ್ಟಿಗೆ ಹೊತ್ತು ಬಂದ ಬಸಲಿಂಗವ್ವ ಬಾಗಿಲಲ್ಲೇ ನಿಂತಳು.

"ಅಯ್ಯ ಶಿವನ! ನಮ್ಮತ್ತಿ ಕಾಲದಿಂದ ಬೂದಿ ಮುಚ್ಚಿ ಕಾಯ್ಕೊಂಡು ಬಂದ ಒಲಿ ಇದು. ಆರಿಸೇಬಿಟ್ರಲ್ರಿ!"

ಮಗುವಿನ ಬೆರಳು ಕಂಡದ್ದೇ ಕಟ್ಟಿಗೆ ಕೆಳಗೆಸೆದಳು. ಬೆರಳನ್ನು ತಣ್ಣೀರಲ್ಲಿ ಅದ್ದಿಸಿ ಹಿಡಿದು ಕೂತಳು. ಮತ್ತೆ ಬೈಯಲಿಲ್ಲ.

ಹೊತ್ತು ಮುಳುಗುವ ಮುಂಚೆ ಅಡಿವೆಪ್ಪ ಗಂಟು ಕಟ್ಟಿದ. ಮಗಳನ್ನು ಹೆಗಲಿಗೆ ಹಾಕಿಕೊಂಡ. ಅಜ್ಜಾರು ಹೊರಬಾಗಿಲಲ್ಲಿ ಕೂತಿದ್ದರು.

"ಎಲ್ಲಿಗೆ ಹೊಂಟಿ?"

"ಬೆಂಕಿ ಇಲ್ಲದ ಕಡೆ, ಅಜ್ಜಾರ."

"ಅಲ್ಲಿ ಉಣ್ಣಾಕ ಏನ್ ಕೊಡತಾರ?"

ಅಡಿವೆಪ್ಪ ನಿಂತ.

"ಇಷ್ಟು ದಿನ ಅಕೀನ್ನ ಕಾಯ್ದೀನ್ರಿ. ಕಣ್ಣಾಗ ಕಣ್ಣಿಟ್ಟು ಕಾಯ್ದೀನಿ. ಆದರೂ ಸುಟ್ಟಿತು."

"ಹೂವಿಗೆ ಬೆಂಕಿ ಅಂತ ಹೆಸರಿಟ್ಟವರು ಯಾರು?"

ಅಡಿವೆಪ್ಪನ ಹೆಗಲಿಂದ ಗಂಟು ಜಾರಿತು. ಅಲ್ಲೇ ನೆಲಕ್ಕೆ ಕೂತುಬಿಟ್ಟ. ನೀಲವ್ವ ಅವನ ಎದೆಗೊರಗಿ ನಿದ್ದೆ ಹೋಗಿದ್ದಳು.

"ಅಂಜಿಕಿ ಬರತೈತ್ರಿ," ಎಂದ. ದನಿ ಸಣ್ಣಗಿತ್ತು. "ಅಕಿ ಅವ್ವನ ಕಣ್ಣಾರೆ ನೋಡೀನ್ರಿ ನಾನು."

ಅಜ್ಜಾರು ಜಾರಿದ ಗಂಟನ್ನು ಪಕ್ಕಕ್ಕೆ ಸರಿಸಿದರು.

"ಅಂಜಿಕಿ ಬರಲಿ," ಎಂದರು. "ನಾಳೆ ಅದನ್ನೂ ಬಾಲವಾಡಿಗೆ ಕರಕೊಂಡು ಬಾ. ಒಂದು ಮೂಲ್ಯಾಗ ಕೂಡ್ರಲಿ. ಅದನ್ನ ಮಾಸ್ತರ ಮಾತ್ರ ಮಾಡಬ್ಯಾಡ."

ಬೆಳಗಾಯಿತು. ಮೂರು ಕಲ್ಲಿನ ಒಲೆಯ ಸುತ್ತ ಮಕ್ಕಳು ಸೇರಿದರು. ಬಾಡಿದ ಹೂಗಳನ್ನು ಬಸಲಿಂಗವ್ವ ಗುಡಿಸಿ ಹಾಕಿದಳು. ಹುಡುಗಿಯರ ಲಂಗ ಎತ್ತಿ ಕಟ್ಟಿದಳು. ಊರೊಳಗಿನಿಂದ ತಂದ ಕೆಂಡ ಇಟ್ಟು ಕಟ್ಟಿಗೆ ಜೋಡಿಸಿದಳು.

ಅಡಿವೆಪ್ಪ ತುಂಬಿದ ಗಡಿಗೆಯನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿ ನಿಂತಿದ್ದ. ನೀರು ತುಳುಕಿ ಅಂಗಿ ತೋಯ್ದಿತ್ತು.

"ಮಾಸ್ತರ, ಗಡಿಗಿ ಇಳಸ್ರಿ. ಭಾರ ಆಗೂದಿಲ್ಲೇನು?" ಎಂದ ಯಮನೂರ.

ಅಡಿವೆಪ್ಪ ಇಳಿಸಲಿಲ್ಲ.

ಉರಿ ಎದ್ದಿತು. ಅಜ್ಜಾರು ಮಕ್ಕಳನ್ನು ಕೇಳಿದರು.

"ಬೆಂಕಿಗೆ ಎಷ್ಟು ದೂರ ನಿಂದರಬೇಕು? ಯಾರಿಗೆ ಗೊತ್ತೈತಿ?"

"ಬಾಳ ದೂರ," ಎಂದಳು ಖಾಸಿಂಬಿ.

"ಹೊಳಿ ಆಚೆ," ಎಂದ ಯಮನೂರ.

ನೀಲವ್ವ ಬೊಬ್ಬೆಯ ಬೆರಳೆತ್ತಿದಳು. "ನನಗ ಗೊತ್ತೈತಿ."

ಅವಳು ಮುಂದೆ ಬಂದಳು. ಅಂಗೈ ಮುಂದೆ ಮಾಡಿದಳು. ಒಂದು ಹೆಜ್ಜೆ. ಮತ್ತೊಂದು. ಗಡಿಗೆಯ ಅಂಚಿಗೆ ಅಡಿವೆಪ್ಪನ ಉಗುರು ಕಚ್ಚಿದವು. ಇನ್ನೊಂದು ಹೆಜ್ಜೆ.

ಅಲ್ಲಿ ನಿಂತಳು. ಅಂಗೈಗೆ ಝಳ ತಾಕಿದ ಕಡೆ. ತಾನಾಗೇ.

ಬಗ್ಗಿ, ಬೂದಿ ತೆಗೆದುಕೊಂಡು ನೆಲಕ್ಕೆ ಒಂದು ಸೊಟ್ಟ ಗೆರೆ ಎಳೆದಳು.

"ಇಲ್ಲಿಮಟ ಕಡಿಯೂದಿಲ್ಲ," ಎಂದಳು. ಹಿಂದಿರುಗಿ ನೋಡಿದಳು. "ಅಪ್ಪಾ, ನೀನೂ ಗೆರಿ ಹಿಂದ ನಿಂದರು."

ಮಕ್ಕಳೆಲ್ಲ ಗೆರೆಯ ಹಿಂದೆ ನಿಂತರು. ಹಂಚು ಕಾಯಿತು. ಮಕ್ಕಳೇ ನಾದಿದ ಹಿಟ್ಟನ್ನು ಬಸಲಿಂಗವ್ವ ಬಡಿದಳು. ರೊಟ್ಟಿ ಅರ್ಧ ಅಗಲವಾಗುವಷ್ಟರಲ್ಲಿ ಅಂಚು ಸೀಳಿತು. ಎತ್ತಲು ಹೋದರೆ ಮೂರು ತುಂಡಾಯಿತು. ಇನ್ನೊಂದು ಬಡಿದಳು. ಅದೂ ಒಡೆಯಿತು.

"ಒಡೀತು!" ಯಮನೂರನ ಕಣ್ಣು ತುಂಬಿದವು. "ನಾವು ಬೆಳೆದ ರೊಟ್ಟಿ ಒಡೀತು!"

"ಹೇಳಿದ್ನಲ್ಲ," ಎಂದಳು ಬಸಲಿಂಗವ್ವ. "ಹಿಟ್ಟು ಇಟ್ಟು ಇಟ್ಟು ಹಳೇದಾಗೈತಿ. ತಣ್ಣೀರಿಗೆ ಬಗ್ಗವಲ್ದು. ಕುದಿನೀರ ಬೇಕು."

ಅಷ್ಟರಲ್ಲಿ ಒಂದು ಕಟ್ಟಿಗೆ ಚಟ್ಟೆಂದು ಸಿಡಿಯಿತು. ಕಿಡಿಗಳು ಮೇಲೆ ಹಾರಿದವು. ಉರಿ ಹಂಚಿನ ಅಂಚು ದಾಟಿ ನಾಲಗೆ ಚಾಚಿತು.

ಅಡಿವೆಪ್ಪ ಗೆರೆ ದಾಟಿದ. ಗಡಿಗೆಯನ್ನು ತಲೆಯ ಮೇಲಕ್ಕೆ ಎತ್ತಿದ.

ಬಸಲಿಂಗವ್ವ ಹಿಟ್ಟಿನ ಕೈಯಲ್ಲಿ ಹಾಗೇ ಕೂತಳು. ನೀಲವ್ವ ಗೆರೆಯ ಹಿಂದೆ, ಎಳೆದಲ್ಲೇ, ಅಲುಗದೆ ನಿಂತು ಅಪ್ಪನ ಮುಖ ನೋಡುತ್ತಿದ್ದಳು.

ಅವನು ಅವಳನ್ನು ನೋಡಿದ. ಗಡಿಗೆಯ ನೀರು ತುಳುಕಿ ಅವನ ಮುಖದ ಮೇಲೆ ಇಳಿಯುತ್ತಿತ್ತು.

ಅಜ್ಜಾರು ಕೂತಲ್ಲಿಂದ ಏಳಲಿಲ್ಲ. ದನಿ ಏರಿಸಲಿಲ್ಲ.

"ಅಡಿವೆಪ್ಪಾ," ಎಂದರು. "ಆ ನೀರು ಒಲಿಯಾಗ ಸುರುವಬ್ಯಾಡ. ಒಲಿ ಮ್ಯಾಲಿಡು."